ಊರಿನ ಹೆಸರು ಬದಲಾದಾಗ ಲಿಂಕುಗಳ ಪಾಡು: ವಿಜಯಪುರದ ಒಂದು ವೆಬ್‌ಸೈಟಿನ ಪ್ರಕರಣ

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಹೆಚ್ಚಿನ ಊರುಗಳಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು, ಅಷ್ಟೇ. ಬಿಜಾಪುರಕ್ಕೆ ಹೆಸರೇ ಬೇರೆ ಬಂತು. ಸರಕಾರಿ ಬೋರ್ಡುಗಳನ್ನು ಸರಕಾರ ಬದಲಿಸಿತು. ಹಳೇ ಹೆಸರಿನಲ್ಲಿ ಖಾಸಗಿಯಾಗಿ ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು, ತೆಗೆದುಕೊಂಡವರು ಮಾತ್ರ ಎಷ್ಟೋ ವರ್ಷ ಹಾಗೇ ಇದ್ದರು. ಈ ಪ್ರಕರಣದ ವೆಬ್‌ಸೈಟು ಅಂಥದ್ದೇ ಒಂದು.

ಸೈಟು ಸಣ್ಣದು. ಆದಿಲ್‌ಶಾಹಿ ಕಾಲದ ಕಟ್ಟಡಗಳ ಬಗ್ಗೆ ಶಾಲೆ ಮಕ್ಕಳಿಗೂ ಓದಲು ಬರುವಂಥ ಕನ್ನಡದ ಪುಟಗಳು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು, ತಾಜ್ ಬಾವಡಿ, ಉಪ್ಲಿ ಬುರುಜು, ಹೀಗೆ ಒಂದೊಂದಕ್ಕೂ ಒಂದು ಫೋಲ್ಡರ್. ಒಳಗೆ ಇತಿಹಾಸ, ನಕ್ಷೆ, ಫೋಟೋ. ಬರೆಯುವವರು ನಿವೃತ್ತ ಹೈಸ್ಕೂಲ್ ಶಿಕ್ಷಕರು. ಊರವರೆಲ್ಲ ಮಾಸ್ತರ್ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಪುಟ ಮಾಡಿ ಸರ್ವರ್‌ಗೆ ಏರಿಸುವವನು ಡಿಟಿಪಿ ಅಂಗಡಿ ಇಟ್ಟಿರುವ ಹುಡುಗ. ಇಬ್ಬರೂ ಇದರಿಂದ ಒಂದು ಪೈಸೆ ಗಳಿಸಿದವರಲ್ಲ. ಸೈಟನ್ನು ಹೊಸ ಹೆಸರಿಗೆ ಸಾಗಿಸುವಾಗ ಕೆಲಸ ಗಂಟು ಬಿತ್ತು. ಆಗ ನನ್ನನ್ನು ಕರೆದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ಉದಾಹರಣೆಗಳಲ್ಲಿ ವಿಳಾಸಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಹಳೇ ಡೊಮೇನಿಗೆ ಹಳೆಹೆಸರು.ಇನ್, ಹೊಸದಕ್ಕೆ ಹೊಸಹೆಸರು.ಇನ್ ಎಂದುಕೊಳ್ಳಿ. ನಿಜವಾದ ಫೈಲುಗಳ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿವೆ. ಹಾಗಿರುವುದೇ ಒಳ್ಳೆಯದು, ಯಾಕೆಂದು ಮುಂದೆ ಬರುತ್ತದೆ.

ಸೈಟು ಇದ್ದ ಸ್ಥಿತಿ

ಪುಟಗಳು ಸಾದಾ ಎಚ್‌ಟಿಎಂಎಲ್, ಅಂದರೆ ವೆಬ್ ಪುಟ ಬರೆಯುವ ಮೂಲ ರೂಪ. ಮೇಲಿನ ಮೆನುವನ್ನು ಪ್ರತಿ ಪುಟದಲ್ಲೂ ಕಾಪಿ ಮಾಡಿ ಅಂಟಿಸಲಾಗಿತ್ತು. ಲಿಂಕುಗಳೆಲ್ಲ ಅಬ್ಸಲ್ಯೂಟ್, ಅಂದರೆ ಎಚ್‌ಟಿಟಿಪಿ://ಡಬ್ಲ್ಯುಡಬ್ಲ್ಯುಡಬ್ಲ್ಯು.ಹಳೆಹೆಸರು.ಇನ್/ಗುಮ್ಮಟ/ಇತಿಹಾಸ.ಎಚ್‌ಟಿಎಂಎಲ್ ಎಂದು ಪೂರ್ತಿ ವಿಳಾಸ. ಫೋಟೋಗಳಿಗೂ ಹಾಗೇ, ಪುಟದ ಬಣ್ಣ, ಅಕ್ಷರ ನಿರ್ಧರಿಸುವ ಸಿಎಸ್‌ಎಸ್ ಫೈಲಿಗೂ ಹಾಗೇ.

ಎಲ್ಲವೂ ಒಂದೇ ರೀತಿ ಇದ್ದಿದ್ದರೂ ಒಂದು ಪಾಡಿತ್ತು. ವರ್ಷ ಕಳೆದಂತೆ ನಾಲ್ಕು ರೂಪ ಸೇರಿಕೊಂಡಿದ್ದವು. ಕೆಲವು ಕಡೆ ಡಬ್ಲ್ಯುಡಬ್ಲ್ಯುಡಬ್ಲ್ಯು ಇದೆ, ಕೆಲವು ಕಡೆ ಇಲ್ಲ. ಕೆಲವು ಎಚ್‌ಟಿಟಿಪಿ, ಇತ್ತೀಚಿನವು ಎಚ್‌ಟಿಟಿಪಿಎಸ್, ಅಂದರೆ ಅದರದೇ ಸುರಕ್ಷಿತ ರೂಪ. ಮನುಷ್ಯನ ಕಣ್ಣಿಗೆ ನಾಲ್ಕೂ ಒಂದೇ ಸೈಟು. ಬ್ರೌಸರ್‌ಗೆ ಹಾಗಲ್ಲ, ನಾಲ್ಕೂ ಬೇರೆ ಬೇರೆ.

2018ರ ಜುಲೈಯಲ್ಲಿ ಬಂದ ಕ್ರೋಮ್ 68 ಎಲ್ಲಾ ಎಚ್‌ಟಿಟಿಪಿ ಪುಟಗಳ ಮೇಲೆ 'ಸುರಕ್ಷಿತವಲ್ಲ' ಎಂಬ ಗುರುತು ಹಾಕಲು ಶುರು ಮಾಡಿತು. ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಪುಕ್ಕಟೆ ಸಿಗುವುದರಿಂದ ಎಚ್‌ಟಿಟಿಪಿಎಸ್‌ಗೆ ಹೋಗುವುದು ಖರ್ಚಿನ ಮಾತಾಗಿರಲಿಲ್ಲ. ಹುಡುಗ ಸರ್ಟಿಫಿಕೇಟ್ ಹಾಕಿಸಿದ. ಹಾಕಿಸಿದ್ದೇ ತಡ, ಅರ್ಧ ಪುಟಗಳು ಬಣ್ಣ ಕಳೆದುಕೊಂಡು ಬರೀ ಅಕ್ಷರವಾಗಿ ನಿಂತವು. ಕಾರಣ ಸರಳ. ಪುಟ ಎಚ್‌ಟಿಟಿಪಿಎಸ್‌ನಲ್ಲಿ ತೆರೆಯುತ್ತಿದೆ, ಅದರೊಳಗಿನ ಸಿಎಸ್‌ಎಸ್ ಲಿಂಕು ಮಾತ್ರ ಎಚ್‌ಟಿಟಿಪಿ ಎಂದೇ ಹೇಳುತ್ತಿದೆ. ಹೀಗೆ ಬೆರಕೆಯಾದಾಗ ಬ್ರೌಸರ್‌ಗಳು ಸಿಎಸ್‌ಎಸ್ ಮತ್ತು ಸ್ಕ್ರಿಪ್ಟ್‌ಗಳನ್ನು ತಡೆದುಬಿಡುತ್ತವೆ. ಲಿಂಕು ರಿಲೇಟಿವ್ ಆಗಿದ್ದರೆ, ಅಂದರೆ ಡೊಮೇನ್ ಬರೆಯದೆ ದಾರಿಯನ್ನು ಮಾತ್ರ ಬರೆದಿದ್ದರೆ, ಈ ತಾಪತ್ರಯ ಹುಟ್ಟುತ್ತಲೇ ಇರಲಿಲ್ಲ. ಪುಟ ಯಾವ ದಾರಿಯಲ್ಲಿ ಬಂತೋ ಅದೇ ದಾರಿಯಲ್ಲಿ ಸಿಎಸ್‌ಎಸ್ ಕೂಡ ಬರುತ್ತಿತ್ತು.

ಇಷ್ಟಾದ ಮೇಲೆ ಇಬ್ಬರೂ ಸೇರಿ ತೀರ್ಮಾನಿಸಿದರು: ಹೇಗೂ ಎಲ್ಲಾ ಲಿಂಕು ಮುಟ್ಟಬೇಕು, ಡೊಮೇನೂ ಊರಿನ ಹೊಸ ಹೆಸರಿಗೆ ಬದಲಾಗಲಿ.

ಟೆಸ್ಟ್ ಸೈಟು ಹೇಳಿದ ಸುಳ್ಳು

ಸೈಟಿಗೆ ಸರ್ವರ್‌ನಲ್ಲಿ ಜಾಗ ಕೊಡುವ ಹೋಸ್ಟಿಂಗ್ ಕಂಪನಿ ಹೊಸ ಜಾಗದ ಜೊತೆ, ಮೊದಲು ಪರೀಕ್ಷಿಸಿ ನೋಡಲು ತಾತ್ಕಾಲಿಕ ವಿಳಾಸ ಕೊಟ್ಟಿತ್ತು. ಹುಡುಗ ಫೈಲುಗಳನ್ನೆಲ್ಲ ಅಲ್ಲಿಗೆ ಏರಿಸಿ ಮಾಸ್ತರ್‌ಗೆ ತೋರಿಸಿದ. ಅವರು ಒಂದು ಇಡೀ ಸಂಜೆ ಕೂತು ಪುಟ ಪುಟ ತಿರುವಿ, "ಛಲೋ ಬಂದೈತಿ ತಮ್ಮಾ, ಎಲ್ಲೂ ತಪ್ಪಿಲ್ಲ" ಎಂದರು.

ಅವರು ನೋಡಿದ್ದು ಹೊಸ ಸೈಟೇ ಅಲ್ಲ. ಮೊದಲ ಪುಟ ಮಾತ್ರ ಹೊಸ ಸರ್ವರ್‌ನದು. ಅದರಲ್ಲಿ ಮೊದಲ ಲಿಂಕು ಒತ್ತಿದ ಕೂಡಲೇ ಪೂರ್ತಿ ವಿಳಾಸದ ಆ ಲಿಂಕು ಅವರನ್ನು ಹಳೇ ಸೈಟಿಗೆ ಕರೆದುಕೊಂಡು ಹೋಗಿತ್ತು. ಎರಡೂ ನೋಡಲು ಒಂದೇ ಥರ. ಮೊಬೈಲಿನಲ್ಲಂತೂ ವಿಳಾಸದ ಪಟ್ಟಿ ಯಾರೂ ನೋಡುವುದಿಲ್ಲ. ಹೊಸ ಸರ್ವರ್‌ಗೆ ಕೆಲವು ಫೋಲ್ಡರ್ ಏರಿಯೇ ಇರಲಿಲ್ಲ, ಅದೂ ಗೊತ್ತಾಗಲಿಲ್ಲ.

ಅಬ್ಸಲ್ಯೂಟ್ ಲಿಂಕಿನ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಲಿಂಕು ಮುರಿದರೆ ಯಾರಾದರೂ ಹೇಳುತ್ತಾರೆ. ತಪ್ಪು ಜಾಗಕ್ಕೆ ಹೋಗಿ ಸರಿಯಾದ ಪುಟವನ್ನೇ ತೋರಿಸುವ ಲಿಂಕನ್ನು ಯಾರೂ ಹಿಡಿಯುವುದಿಲ್ಲ.

ಹುಡುಗನಿಗೆ ಇದು ಗೊತ್ತಾಗಿದ್ದು ಹಳೇ ಸರ್ವರ್ ಸ್ವಲ್ಪ ಹೊತ್ತು ನಿಂತಾಗ. ಟೆಸ್ಟ್ ಸೈಟೂ ಜೊತೆಗೇ ನಿಂತಿತು! ಆಮೇಲೆ ಅವನು ಒಂದು ಚುರುಕಿನ ಕೆಲಸ ಮಾಡಿದ. ಎಲ್ಲಾ ಫೈಲುಗಳಲ್ಲೂ ಎಚ್‌ಟಿಟಿಪಿಯಿಂದ ಹಿಡಿದು ಡೊಮೇನಿನ ತನಕ ಇರುವ ಭಾಗವನ್ನು ಹುಡುಕಿ ಅಳಿಸಿಬಿಟ್ಟ. ನಾಲ್ಕೂ ರೂಪಗಳನ್ನು. ಉಳಿದದ್ದು /ಗುಮ್ಮಟ/ಇತಿಹಾಸ.ಎಚ್‌ಟಿಎಂಎಲ್ ಎಂಬಂಥ ಲಿಂಕುಗಳು. ಇವು ಸ್ಲ್ಯಾಶ್‌ನಿಂದ ಶುರುವಾಗುವ ರಿಲೇಟಿವ್ ಲಿಂಕು, ಅಂದರೆ ಸೈಟಿನ ಬುಡದಿಂದ, ಎಲ್ಲಕ್ಕಿಂತ ಮೇಲಿನ ಫೋಲ್ಡರಿನಿಂದ ಲೆಕ್ಕ.

ಅವನು ಊರಿನ ಹೆಸರನ್ನೇ ಹುಡುಕಿ ಬದಲಿಸಲು ಹೋಗಲಿಲ್ಲ, ಅದು ಪುಣ್ಯ. ಬ್ರಿಟಿಷರ ಕಾಲದ ಪುಸ್ತಕಗಳ ಶೀರ್ಷಿಕೆ, ಹಳೇ ನಕ್ಷೆಗಳ ಹೆಸರು, ಹೊರಗಿನ ಸೈಟುಗಳ ವಿಳಾಸ, ಎಲ್ಲದರಲ್ಲೂ ಬಿಜಾಪುರ ಇದೆ. ಸುಮ್ನೆ ಒಂದೇ ಏಟಿಗೆ ಬದಲಿಸಿದ್ದರೆ ಇಲ್ಲದ ಪುಸ್ತಕಗಳೂ ಇಲ್ಲದ ಸೈಟುಗಳೂ ಹುಟ್ಟಿಕೊಳ್ಳುತ್ತಿದ್ದವು.

ಎರಡು ಶಾಲೆ, ಒಂದೇ ಪೆನ್‌ಡ್ರೈವ್

ಈ ಸೈಟಿಗೆ ಇನ್ನೊಂದು ಬಳಕೆ ಇದೆ, ಅದೇ ಕೊನೆಗೆ ಎಲ್ಲವನ್ನೂ ನಿರ್ಧರಿಸಿತು. ಹಳ್ಳಿ ಶಾಲೆಗಳ ಕಂಪ್ಯೂಟರ್ ಕೋಣೆಯಲ್ಲಿ ನೆಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಶಿಕ್ಷಕರು ಪ್ರವಾಸಕ್ಕೆ ಮಕ್ಕಳನ್ನು ಕರೆತರುವ ಮುಂಚೆ ಸೈಟಿನ ಫೋಲ್ಡರನ್ನೇ ಪೆನ್‌ಡ್ರೈವ್‌ನಲ್ಲಿ ಹಾಕಿಸಿಕೊಂಡು ಹೋಗುತ್ತಾರೆ. ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಸದ್ದು ಹೇಗೆ ಗೋಡೆ ಹಿಡಿದು ಸುತ್ತುತ್ತದೆ ಎಂದು ವಿವರಿಸುವ ಚಿತ್ರಗಳ ಪುಟಕ್ಕೆ ಬೇಡಿಕೆ ಜಾಸ್ತಿ.

ಹುಡುಗನ ರಿಪೇರಿಯ ನಂತರ ಇಬ್ಬರು ಶಿಕ್ಷಕರು ಪ್ರತಿ ತೆಗೆದುಕೊಂಡು ಹೋದರು, ಒಬ್ಬರು ಇಂಡಿ ಕಡೆಯವರು, ಇನ್ನೊಬ್ಬರು ಸಿಂದಗಿ ಕಡೆಯವರು. ಇಂಡಿಯವರಿಗೆ ಎಲ್ಲಾ ಸರಿ ಬಂತು. ಸಿಂದಗಿಯಿಂದ ಫೋನ್ ಬಂತು: "ಸರ್, ಅಕ್ಷರ ಎಲ್ಲಾ ಬರ್ತಾವ್ರಿ, ಫೋಟೋ ಒಂದೂ ಬರವಲ್ದು. ಒಂದ್ ಪುಟದಿಂದ ಇನ್ನೊಂದಕ್ಕ ಹೋಗಾಕೂ ಆಗವಲ್ದು."

ಹುಡುಗನ ಉತ್ತರ ಎಲ್ಲರಿಗೂ ಗೊತ್ತಿರುವುದೇ: "ನನ್ನ ಅಂಗಡ್ಯಾಗ ಬರಾಕತ್ತೈತಲ್ರಿ ಸರ್."

ಇಬ್ಬರ ಮಾತೂ ನಿಜ. ಇಂಡಿಯ ಶಿಕ್ಷಕರು ಪೆನ್‌ಡ್ರೈವ್‌ನಿಂದಲೇ ತೆರೆದಿದ್ದರು. ಫೈಲುಗಳು ಅದರ ಬುಡದಲ್ಲೇ ಇದ್ದವು. ಸಿಂದಗಿಯವರು ಅಚ್ಚುಕಟ್ಟಿನ ಮನುಷ್ಯರು. ಡೆಸ್ಕ್‌ಟಾಪ್‌ನಲ್ಲಿ 'ಇತಿಹಾಸ' ಎಂದು ಫೋಲ್ಡರ್ ಮಾಡಿ ಅದರೊಳಗೆ ಎಲ್ಲವನ್ನೂ ಇಟ್ಟಿದ್ದರು. ಸರ್ವರ್ ಇಲ್ಲದೆ ನೇರ ಫೈಲ್ ತೆರೆದಾಗ, ಸ್ಲ್ಯಾಶ್‌ನಿಂದ ಶುರುವಾಗುವ ಲಿಂಕಿಗೆ ಸೈಟಿನ ಬುಡ ಯಾವುದು ಎಂದು ಗೊತ್ತಿರುವುದಿಲ್ಲ. ವಿಂಡೋಸ್‌ನಲ್ಲಿ ಬ್ರೌಸರ್ ಆ ಡ್ರೈವ್‌ನ ಬುಡವನ್ನೇ ಬುಡ ಎಂದುಕೊಳ್ಳುತ್ತದೆ. ಪೆನ್‌ಡ್ರೈವ್ ಇ: ಆಗಿದ್ದರೆ ಇ:ಯ ಬುಡ, ಅಲ್ಲಿ ಚಿತ್ರಗಳಿವೆ. ಡೆಸ್ಕ್‌ಟಾಪ್ ಇರುವುದು ಸಿ:ಯಲ್ಲಿ, ಆದ್ದರಿಂದ ಸಿ:ಯ ಬುಡ. ಅಲ್ಲಿ ಚಿತ್ರ ಎಂಬ ಫೋಲ್ಡರೇ ಇಲ್ಲ.

ಅದೇ ತಪ್ಪು ಟೆಸ್ಟ್ ಸೈಟಿನಲ್ಲೂ ಕಾದು ಕೂತಿತ್ತು. ಹೋಸ್ಟಿಂಗ್‌ನವರು ಕೊಟ್ಟ ತಾತ್ಕಾಲಿಕ ವಿಳಾಸ ಸರ್ವರ್/~ಬಳಕೆದಾರ/ ಎಂಬ ಮಾದರಿಯದು. ಅಂದರೆ ಇಡೀ ಸೈಟು ಒಂದು ಫೋಲ್ಡರ್ ಒಳಗೆ. ಸ್ಲ್ಯಾಶ್ ಲಿಂಕು ಆ ಫೋಲ್ಡರನ್ನು ಬಿಟ್ಟು ಸರ್ವರ್‌ನ ಬುಡಕ್ಕೆ ಹಾರುತ್ತದೆ. ಗಿಟ್‌ಹಬ್ ಪೇಜಸ್ ಎಂಬ ಪುಕ್ಕಟೆ ಹೋಸ್ಟಿಂಗ್‌ನಲ್ಲಿ ಪ್ರಾಜೆಕ್ಟಿನ ಹೆಸರಿನಡಿ ಸೈಟು ಹಾಕಿದವರಿಗೆ ಈ ಅನುಭವ ಚೆನ್ನಾಗಿಯೇ ಇರುತ್ತದೆ.

ಬ್ರೌಸರ್ ಲೆಕ್ಕ ಹಾಕುವ ಬಗೆ

ಇಲ್ಲಿ ನಿಯಮ ಸ್ವಲ್ಪ ನೋಡಿಬಿಡೋಣ. ಇದು ಯಾರದೋ ಇಷ್ಟದಂತೆ ನಡೆಯುವುದಲ್ಲ. ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ. 1995ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 1808 ರಿಲೇಟಿವ್ ವಿಳಾಸಕ್ಕೆಂದೇ ಬರೆದ ದಾಖಲೆ. ಅದರ ನಿಯಮ 2005ರ ಜನವರಿಯ ಆರ್‌ಎಫ್‌ಸಿ 3986ರಲ್ಲಿ ಇನ್ನಷ್ಟು ಸ್ಪಷ್ಟವಾಗಿ ಕೂತಿದೆ.

ಬ್ರೌಸರ್ ಈಗ ತೆರೆದಿರುವ ಪುಟದ ವಿಳಾಸ ತೆಗೆದುಕೊಳ್ಳುತ್ತದೆ. ಕೊನೆಯ ಸ್ಲ್ಯಾಶ್‌ನ ನಂತರ ಇರುವುದನ್ನೆಲ್ಲ ಕಿತ್ತು ಹಾಕುತ್ತದೆ. ಅಲ್ಲಿಗೆ ಲಿಂಕಿನ ಅಕ್ಷರ ಅಂಟಿಸುತ್ತದೆ. ಲಿಂಕಿನಲ್ಲಿ ../ ಇದ್ದರೆ ಒಂದು ಫೋಲ್ಡರ್ ಮೇಲಕ್ಕೆ, ../../ ಇದ್ದರೆ ಎರಡು. ಲಿಂಕು ಒಂದೇ ಸ್ಲ್ಯಾಶ್‌ನಿಂದ ಶುರುವಾದರೆ ಡೊಮೇನ್ ಮಾತ್ರ ಉಳಿಸಿಕೊಂಡು ಉಳಿದದ್ದು ಬಿಡುತ್ತದೆ. ಎರಡು ಸ್ಲ್ಯಾಶ್‌ನಿಂದ ಶುರುವಾದರೆ ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ಅನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಈ ಎರಡು ಸ್ಲ್ಯಾಶ್‌ನದು ಒಂದು ಕಾಲದಲ್ಲಿ ಬಹಳ ಜನಪ್ರಿಯ. ಈಗ ಎಲ್ಲವೂ ಎಚ್‌ಟಿಟಿಪಿಎಸ್ ಆಗಿರುವಾಗ ಅದರ ಅಗತ್ಯ ಮುಗಿದಿದೆ. ಪೆನ್‌ಡ್ರೈವ್‌ನಲ್ಲಂತೂ ಅದು ಡೊಮೇನಿನ ಹೆಸರಿನ ಕಂಪ್ಯೂಟರನ್ನು ಹುಡುಕಲು ಹೋಗಿ ಕೈಚೆಲ್ಲುತ್ತದೆ.

ಕೊನೆಯ ಸ್ಲ್ಯಾಶ್ ಎಂಬ ಮಾತಿನಲ್ಲೇ ಒಂದು ಹೊಂಡ ಇದೆ. /ಸ್ಮಾರಕ/ಗುಮ್ಮಟ ಎಂಬ ಪುಟದಲ್ಲಿ ಫೋಟೋ1.ಜೆಪಿಜಿ ಎಂದು ಬರೆದರೆ ಬ್ರೌಸರ್ ಹುಡುಕುವುದು /ಸ್ಮಾರಕ/ಫೋಟೋ1.ಜೆಪಿಜಿ. ಅದೇ ಪುಟದ ವಿಳಾಸ /ಸ್ಮಾರಕ/ಗುಮ್ಮಟ/ ಆಗಿದ್ದರೆ ಹುಡುಕುವುದು /ಸ್ಮಾರಕ/ಗುಮ್ಮಟ/ಫೋಟೋ1.ಜೆಪಿಜಿ. ಸಾಮಾನ್ಯವಾಗಿ ಫೋಲ್ಡರಿಗೆ ಸ್ಲ್ಯಾಶ್ ಹಾಕದೆ ಬಂದವರನ್ನು ಸರ್ವರೇ ಸ್ಲ್ಯಾಶ್ ಇರುವ ವಿಳಾಸಕ್ಕೆ ಕಳಿಸುತ್ತದೆ. ಯಾರಾದರೂ ಸರ್ವರ್‌ನಲ್ಲಿ ರೀರೈಟ್ ನಿಯಮ (ಬಂದ ವಿಳಾಸವನ್ನು ಒಳಗೊಳಗೇ ಬದಲಿಸುವ ನಿಯಮ) ಬರೆದು ಎರಡೂ ವಿಳಾಸಕ್ಕೆ ಒಂದೇ ಪುಟ ಕೊಡುವಂತೆ ಮಾಡಿದ್ದರೆ ಮಾತ್ರ ಅರ್ಧ ಜನಕ್ಕೆ ಫೋಟೋ ಬರುತ್ತದೆ, ಅರ್ಧ ಜನಕ್ಕೆ ಬರುವುದಿಲ್ಲ. ಈ ಸೈಟಿನ ತಾಜ್ ಬಾವಡಿ ಪುಟದಲ್ಲಿ ಆಗಿದ್ದು ಅದೇ.

ಸಿಎಸ್‌ಎಸ್ ಫೈಲಿನೊಳಗೆ ಬರೆದ ಚಿತ್ರದ ವಿಳಾಸ ಲೆಕ್ಕವಾಗುವುದು ಆ ಸಿಎಸ್‌ಎಸ್ ಫೈಲ್ ಇರುವ ಜಾಗದಿಂದ, ಪುಟ ಇರುವ ಜಾಗದಿಂದಲ್ಲ. ಜಾವಾಸ್ಕ್ರಿಪ್ಟ್ ಏನಾದರೂ ತರಿಸಿಕೊಂಡರೆ ಅದು ಪುಟದ ಜಾಗದಿಂದ. ಎರಡೂ ಉಲ್ಟಾ. ತಲೆಕೆಡಿಸಿಕೊಳ್ಳದೆ ನೆನಪಿಟ್ಟುಕೊಳ್ಳುವುದೇ ಸುಲಭ.

ರಿಲೇಟಿವ್ ಲಿಂಕಿದ್ದರೆ ಸೈಟು ವೇಗವಾಗುತ್ತದೆ ಎಂಬ ಮಾತು ಈಗಲೂ ಕೇಳಿಬರುತ್ತದೆ. ಹಾಗೇನಿಲ್ಲ. ಬ್ರೌಸರ್ ಮೊದಲು ಪೂರ್ತಿ ವಿಳಾಸ ಮಾಡಿಕೊಂಡೇ ಸರ್ವರ್ ಬಳಿ ಹೋಗುತ್ತದೆ.

ಪರಿಶೀಲಿಸಿ ಕೈಬಿಟ್ಟ ದಾರಿಗಳು

ಬೇಸ್ ಟ್ಯಾಗ್ ಹಾಕಿಬಿಡಿ ಎಂದು ಒಬ್ಬರು ಸಲಹೆ ಕೊಟ್ಟಿದ್ದರಂತೆ. ಪುಟದ ತಲೆಯಲ್ಲಿ ಒಂದು ಸಾಲು, ಅದರಲ್ಲಿ ಬುಡದ ವಿಳಾಸ. ಆ ಪುಟದ ರಿಲೇಟಿವ್ ಲಿಂಕುಗಳೆಲ್ಲ ಅದರಿಂದಲೇ ಲೆಕ್ಕ. ಕೇಳಲು ಚೆನ್ನಾಗಿದೆ. ಆದರೆ ಅದು ಎಲ್ಲಾ ರಿಲೇಟಿವ್ ಲಿಂಕುಗಳನ್ನೂ ಹಿಡಿಯುತ್ತದೆ, ಪುಟದೊಳಗಿನ # ಲಿಂಕುಗಳನ್ನೂ ಬಿಡುವುದಿಲ್ಲ. ಇಬ್ರಾಹಿಂ ರೋಜಾ ಪುಟ ಉದ್ದದ್ದು, ಮೇಲೆ ಪರಿವಿಡಿ ಇದೆ. ಗೋರಿ, ಮಸೀದಿ, ಕಲ್ಲಿನ ಜಾಲಂಧ್ರದ ಬರಹ, ಯಾವುದನ್ನು ಒತ್ತಿದರೂ ಪುಟ ಕೆಳಗೆ ಇಳಿಯುವ ಬದಲು ಸೈಟಿನ ಮೊದಲ ಪುಟಕ್ಕೆ ಹೋಗಿಬಿಡುತ್ತಿತ್ತು. ಪೆನ್‌ಡ್ರೈವ್‌ನಲ್ಲಿ ಇನ್ನೂ ಕಷ್ಟ. ಅಲ್ಲಿ ಬೇಸ್‌ನಲ್ಲಿ ಯಾವ ವಿಳಾಸ ಬರೆಯುವುದು? ಕೈಬಿಟ್ಟೆವು.

ಎಲ್ಲವನ್ನೂ ಹೊಸ ಡೊಮೇನಿನ ಅಬ್ಸಲ್ಯೂಟ್ ಲಿಂಕು ಮಾಡುವ ಪಕ್ಷದಲ್ಲಿ ಒಂದು ಒಳ್ಳೆ ವಾದ ಇದೆ. ಯಾರಾದರೂ ಪುಟವನ್ನು ಹಾಗೇ ಕದ್ದು ತಮ್ಮ ಸೈಟಿಗೆ ಹಾಕಿಕೊಂಡರೆ ಒಳಗಿನ ಲಿಂಕುಗಳಾದರೂ ಮೂಲ ಸೈಟಿಗೆ ಬರುತ್ತವೆ. ಮಾಸ್ತರ್‌ಗೆ ಇದು ಹಿಡಿಸಿತು, ಅವರ ಬರಹ ಎಷ್ಟೋ ಕಡೆ ಹೆಸರಿಲ್ಲದೆ ಓಡಾಡುತ್ತಿದೆ. ನನಗೆ ಹಿಡಿಸಲಿಲ್ಲ. ಕದಿಯುವವನು ಡೊಮೇನ್ ಹೆಸರು ಹುಡುಕಿ ಅಳಿಸಲು ಅರ್ಧ ನಿಮಿಷ ಸಾಕು. ಅಷ್ಟಕ್ಕಾಗಿ ಟೆಸ್ಟ್ ಸೈಟೂ ಹೋಯಿತು, ಪೆನ್‌ಡ್ರೈವೂ ಹೋಯಿತು.

ಹಾಗಾದರೆ ಎಲ್ಲಾ ಲಿಂಕನ್ನೂ ../ ಮಾದರಿಯಲ್ಲಿ ಬರೆದರೆ? ಟೆಸ್ಟ್ ಫೋಲ್ಡರಿನಲ್ಲೂ ನಡೆಯುತ್ತದೆ, ಡೆಸ್ಕ್‌ಟಾಪಿನಲ್ಲೂ ನಡೆಯುತ್ತದೆ, ಡೊಮೇನ್ ಯಾವುದಾದರೂ ನಡೆಯುತ್ತದೆ. ಕಾಗದದ ಮೇಲೆ ಇದೇ ಗೆಲ್ಲಬೇಕು. ಆದರೆ ಮೆನು ಎಲ್ಲಾ ಪುಟಕ್ಕೂ ಒಂದೇ. ಮೊದಲ ಪುಟದಿಂದ ನಕ್ಷೆಗೆ ನಕ್ಷೆ.ಎಚ್‌ಟಿಎಂಎಲ್, ಗುಮ್ಮಟದ ಪುಟದಿಂದ ../ನಕ್ಷೆ.ಎಚ್‌ಟಿಎಂಎಲ್, ಅದರೊಳಗಿನ ಚಿತ್ರಸಂಪುಟದಿಂದ ../../ನಕ್ಷೆ.ಎಚ್‌ಟಿಎಂಎಲ್. ಒಂದೇ ಮೆನುವಿಗೆ ಮೂರು ರೂಪ. ಒಂದು ಪುಟವನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಅದರ ಲಿಂಕೆಲ್ಲ ಮತ್ತೆ ಎಣಿಸಬೇಕು. ಇನ್ನು 404 ಪುಟ. ಇಲ್ಲದ ವಿಳಾಸಕ್ಕೆ ಬಂದವರಿಗೆ ತೋರಿಸುವ ಆ ಪುಟ ಯಾವ ಆಳದ ವಿಳಾಸದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಅದರಲ್ಲಿ ../ ಬರೆದರೆ ಪುಟವೂ ಬೋಳು, ಲಿಂಕೂ ದಿಕ್ಕಾಪಾಲು. ಕೈಯಿಂದ ಬರೆಯುವವರಿಗೆ ಈ ದಾರಿ ಬೇಡ ಎನ್ನುವುದು ನನ್ನ ಅಭಿಪ್ರಾಯ. ಯಂತ್ರ ಬರೆಯುವುದಾದರೆ ಬೇರೆ ಮಾತು.

ಯಾರು ಓದುತ್ತಾರೆ ಎಂದು ಕೇಳಿದಾಗ

ರಿಲೇಟಿವ್ ಬೇಕೋ ಅಬ್ಸಲ್ಯೂಟ್ ಬೇಕೋ ಎಂದು ಇಡೀ ಸೈಟಿಗೆ ಒಂದೇ ಸಲ ಕೇಳುತ್ತಿದ್ದರು, ಅದಕ್ಕೇ ಕೆಲಸ ಮುಂದೆ ಹೋಗುತ್ತಿರಲಿಲ್ಲ. ಲಿಂಕುಗಳನ್ನು ಗುಂಪು ಮಾಡಿ, ಈ ಲಿಂಕನ್ನು ಯಾರು, ಎಲ್ಲಿ ನಿಂತು ಓದುತ್ತಾರೆ ಎಂದು ಕೇಳಿದೆವು.

ಸೈಟಿನೊಳಗೇ ಇದ್ದು ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಓದುಗ ಒಬ್ಬ. ಅವನ ಬ್ರೌಸರ್‌ಗೆ ಡೊಮೇನ್ ಗೊತ್ತು. ಮೆನು, ಫೋಟೋ, ಸಿಎಸ್‌ಎಸ್, ಪುಟಗಳ ನಡುವಿನ ಲಿಂಕು, ಇವೆಲ್ಲ ಸ್ಲ್ಯಾಶ್‌ನಿಂದ ಶುರುವಾಗಲಿ. ಹುಡುಗ ಮಾಡಿದ್ದೇ ಸರಿ.

ಎರಡನೆಯವನು ಸೈಟಿನ ಹೊರಗಿದ್ದಾನೆ, ವಿಳಾಸ ಮಾತ್ರ ಅವನ ಕೈಗೆ ಬರುತ್ತದೆ. ವಾಟ್ಸ್ಯಾಪ್‌ನಲ್ಲಿ ಲಿಂಕು ಕಳಿಸಿದಾಗ ಬರುವ ಚಿಕ್ಕ ಚಿತ್ರ ಓಪನ್ ಗ್ರಾಫ್ ಎಂಬ ಸಾಲುಗಳಿಂದ ಬರುತ್ತದೆ. ಅಲ್ಲಿ ಚಿತ್ರದ ವಿಳಾಸ ಪೂರ್ತಿ ಇರಬೇಕು. ಹುಡುಗನ ಹುಡುಕು-ಅಳಿಸು ಕೆಲಸದಲ್ಲಿ ಇವೂ ಸ್ಲ್ಯಾಶ್ ಆಗಿಹೋಗಿದ್ದವು. ಗುಮ್ಮಟದ ಚಿತ್ರ ವಾಟ್ಸ್ಯಾಪ್‌ನಲ್ಲಿ ಬರುವುದು ನಿಂತಿದ್ದು ಅದಕ್ಕೇ. ಗೂಗಲ್‌ಗೆ ಕೊಡುವ ಸೈಟ್‌ಮ್ಯಾಪ್‌ನಲ್ಲೂ (ಪುಟಗಳ ಪಟ್ಟಿ) ಪೂರ್ತಿ ವಿಳಾಸ ಕಡ್ಡಾಯ. ಇಮೇಲ್‌ನಲ್ಲಿ ಹೋಗುವ ಪತ್ರಿಕೆಗೂ ಅಷ್ಟೇ, ಇಮೇಲ್‌ಗೆ ಯಾವ ಬುಡ?

ಕೆನಾನಿಕಲ್ ಸಾಲಿನ ವಿಷಯ ಸ್ವಲ್ಪ ಸೂಕ್ಷ್ಮ. ಒಂದೇ ಪುಟ ಹಲವು ವಿಳಾಸದಲ್ಲಿ ಸಿಗುವಾಗ ಇದೇ ಅಸಲಿ ಎಂದು ಸರ್ಚ್ ಎಂಜಿನ್‌ಗೆ ಹೇಳುವ ಸಾಲು ಅದು. ಅದನ್ನು ರಿಲೇಟಿವ್ ಆಗಿ ಬರೆದರೂ ತಾಂತ್ರಿಕವಾಗಿ ತಪ್ಪಲ್ಲ. ಆದರೆ ಹಳೇ ಡೊಮೇನಿನಲ್ಲಿ ತೆರೆದಾಗ ಹಳೇದೇ ಅಸಲಿ ಎನ್ನುತ್ತದೆ, ಹೊಸದರಲ್ಲಿ ಹೊಸದೇ ಅಸಲಿ ಎನ್ನುತ್ತದೆ, ಟೆಸ್ಟ್ ಸೈಟಿನಲ್ಲಿ ಟೆಸ್ಟ್ ಸೈಟೇ ಅಸಲಿ. ಹೀಗಾದರೆ ಆ ಸಾಲು ಇದ್ದೂ ಇಲ್ಲದಂತೆ, ಅಲ್ವಾ? ಪೂರ್ತಿ ವಿಳಾಸ ಬರೆಯಿರಿ ಎಂದು ಗೂಗಲ್ ಹೇಳುವುದೂ ಅದಕ್ಕೇ. ಒಳಗಿನ ಸಾಮಾನ್ಯ ಲಿಂಕು ರಿಲೇಟಿವ್ ಇದ್ದರೆ ಗೂಗಲ್‌ಗೆ ಏನೂ ತೊಂದರೆ ಇಲ್ಲ.

ಮೂರನೆಯವರು ಪೆನ್‌ಡ್ರೈವ್‌ನ ಮಕ್ಕಳು. ಅವರಿಗೆ ../ ಮಾದರಿಯೇ ಬೇಕು. ಇನ್ನೂ ಒಂದು ಬೇಕು. ಸರ್ವರ್‌ನಲ್ಲಿ /ಗುಮ್ಮಟ/ ಎಂದರೆ ಸಾಕು, ಒಳಗಿನ ಇಂಡೆಕ್ಸ್ ಪುಟವನ್ನು ಸರ್ವರೇ ತೆಗೆದುಕೊಡುತ್ತದೆ. ಪೆನ್‌ಡ್ರೈವ್‌ನಲ್ಲಿ ಸರ್ವರ್ ಇಲ್ಲ. ಅಲ್ಲಿ ಫೋಲ್ಡರ್ ಲಿಂಕು ಒತ್ತಿದರೆ ಫೈಲುಗಳ ಪಟ್ಟಿ ಕಾಣಿಸುತ್ತದೆ. ಇಂಡೆಕ್ಸ್.ಎಚ್‌ಟಿಎಂಎಲ್ ಎಂದು ಹೆಸರು ಹಿಡಿದು ಬರೆಯಬೇಕು.

ಮಾಡಿದ್ದು

ಪುಟಗಳ ಮೂಲದಲ್ಲಿ ಸ್ಲ್ಯಾಶ್ ಲಿಂಕು ಉಳಿಸಿಕೊಂಡೆವು. ಮೆನುವನ್ನು ಪುಟಗಳಿಂದ ಕಿತ್ತು ಒಂದೇ ಫೈಲಿಗೆ ಹಾಕಿದೆವು. ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಮೆನು ಮತ್ತು ಬರಹವನ್ನು ಜೋಡಿಸಿ ಮೊದಲಿನ ಹೆಸರಿನಲ್ಲೇ ಸಾದಾ ಎಚ್‌ಟಿಎಂಎಲ್ ಪುಟ ಮಾಡುತ್ತದೆ. ಡೊಮೇನಿನ ಪೂರ್ತಿ ವಿಳಾಸ ಆ ಸ್ಕ್ರಿಪ್ಟ್‌ನ ಸೆಟ್ಟಿಂಗ್‌ನಲ್ಲಿ ಒಂದೇ ಒಂದು ಕಡೆ ಇದೆ. ಓಪನ್ ಗ್ರಾಫ್, ಕೆನಾನಿಕಲ್, ಸೈಟ್‌ಮ್ಯಾಪ್, ಮೂರಕ್ಕೂ ಅಲ್ಲಿಂದಲೇ ಹೋಗುತ್ತದೆ.

ಟೆಸ್ಟ್‌ಗೆ ~ ಇರುವ ತಾತ್ಕಾಲಿಕ ವಿಳಾಸ ಬಿಟ್ಟು ಹೊಸ ಡೊಮೇನಿನಡಿ ಒಂದು ಸಬ್‌ಡೊಮೇನ್ (ಡೊಮೇನಿನ ಮುಂದೆ ಇನ್ನೊಂದು ಹೆಸರು ಸೇರಿಸಿದ ವಿಳಾಸ) ಮಾಡಿದೆವು. ಆಗ ಬುಡ ಎಂದರೆ ಬುಡವೇ. ಗೂಗಲ್ ಬಂದು ಓದದಂತೆ ಪಾಸ್‌ವರ್ಡ್ ಹಾಕಿದೆವು.

ಪೆನ್‌ಡ್ರೈವ್ ಪ್ರತಿಗೆ ಬೇರೆ ಪ್ರೋಗ್ರಾಂ ಬರೆಯಲಿಲ್ಲ. ಗ್ನೂ ವಿಗೆಟ್ ಎಂಬ ಹಳೇ, ಪುಕ್ಕಟೆ ಸಾಧನ ಇದೆ. ಸೈಟನ್ನು ಪೂರ್ತಿ ಇಳಿಸಿಕೊಂಡು ಕೊನೆಗೆ ಲಿಂಕುಗಳನ್ನು ಪರಿವರ್ತಿಸು ಎಂದು ಅದಕ್ಕೆ ಹೇಳಬಹುದು. ಇಳಿದ ಫೈಲುಗಳ ಲಿಂಕನ್ನೆಲ್ಲ ಅದು ../ ಮಾದರಿಗೆ ತಿರುಗಿಸುತ್ತದೆ, ಇಂಡೆಕ್ಸ್ ಪುಟದ ಹೆಸರನ್ನೂ ಸೇರಿಸುತ್ತದೆ. ಇಳಿಯದೆ ಉಳಿದವಕ್ಕೆ ಪೂರ್ತಿ ವಿಳಾಸ ಬರೆಯುತ್ತದೆ. ಫೋಲ್ಡರ್ ಎಷ್ಟು ಆಳದಲ್ಲಿದೆ ಎಂದು ಎಣಿಸುವ ಕೆಲಸ ಹೀಗೆ ಯಂತ್ರಕ್ಕೆ ಹೋಯಿತು. ಮೊದಲೂ ಹುಡುಗ ಇದನ್ನು ಮಾಡಿ ನೋಡಿದ್ದನಂತೆ, ಅರ್ಧ ಪುಟಗಳು ಬಂದಿರಲಿಲ್ಲ. ಕಾರಣ ಆ ನಾಲ್ಕು ರೂಪಗಳು. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವುದನ್ನು ಇಳಿಸು ಎಂದರೆ ಇಲ್ಲದ್ದನ್ನು ವಿಗೆಟ್ ಬೇರೆ ಸೈಟು ಎಂದು ಬಿಟ್ಟುಬಿಡುತ್ತದೆ.

ಅಕ್ಷರದ ದೊಡ್ಡದು-ಚಿಕ್ಕದು ಕೂಡ ಕಾಡಿತು. ಇಂಗ್ಲಿಷ್‌ನಲ್ಲಿ ಫೈಲಿನ ಹೆಸರು ದೊಡ್ಡಕ್ಷರದಲ್ಲಿದ್ದು ಲಿಂಕು ಚಿಕ್ಕಕ್ಷರದಲ್ಲಿದ್ದರೆ ವಿಂಡೋಸ್ ತೆರೆಯುತ್ತದೆ, ಲಿನಕ್ಸ್ ಸರ್ವರ್ 404 ಎನ್ನುತ್ತದೆ. ಕ್ಯಾಮೆರಾದಿಂದ ನೇರ ಬಂದ ಫೋಟೋಗಳ ಹೆಸರೆಲ್ಲ ದೊಡ್ಡಕ್ಷರ. ಎಲ್ಲವನ್ನೂ ಚಿಕ್ಕಕ್ಷರಕ್ಕೆ ತಂದೆವು. ಕನ್ನಡ ಲಿಪಿಗೆ ಈ ತೊಂದರೆ ಇಲ್ಲ, ಹಾಗಾದರೆ ಹೆಸರುಗಳನ್ನು ಕನ್ನಡದಲ್ಲೇ ಇಡಬಾರದೇಕೆ ಎಂದು ಮಾಸ್ತರ್ ಕೇಳಿದರು. ಇಡಬಹುದು. ಆದರೆ ವಿಳಾಸದಲ್ಲಿ ಪ್ರತಿ ಕನ್ನಡ ಸಂಕೇತ ಮೂರು ಬೈಟ್, ಪ್ರತಿ ಬೈಟಿಗೆ ಶೇಕಡಾ ಚಿಹ್ನೆಯೊಂದಿಗೆ ಮೂರು ಅಕ್ಷರ. ಗೋಳಗುಮ್ಮಟ ಎಂಬುದರಲ್ಲಿ ಒತ್ತು, ಗುಣಿತ ಸೇರಿ 9 ಸಂಕೇತ, ಕಾಪಿ ಮಾಡಿ ಅಂಟಿಸಿದರೆ 81 ಅಕ್ಷರದ ಸರಪಳಿ. ಹಳೇ ಜಿಪ್ ಪ್ರೋಗ್ರಾಂಗಳು ಕನ್ನಡದ ಫೈಲ್ ಹೆಸರನ್ನು ಕೆಡಿಸಿಬಿಡುವುದೂ ಉಂಟು. ಅವರು ಒಪ್ಪಿದರು, ಮನಸ್ಸಿಲ್ಲದೆ.

ಹಳೇ ಡೊಮೇನನ್ನು ಬಿಡಲಿಲ್ಲ. ಅಲ್ಲಿಗೆ ಬಂದವರನ್ನು 301 ರೀಡೈರೆಕ್ಟ್‌ನಿಂದ (ವಿಳಾಸ ಕಾಯಂ ಆಗಿ ಬದಲಾಗಿದೆ ಎಂದು ಸರ್ವರ್ ಹೇಳುವ ಸೂಚನೆ) ಹೊಸದಕ್ಕೆ ಕಳಿಸುತ್ತೇವೆ, ಪುಟದಿಂದ ಅದೇ ಪುಟಕ್ಕೆ. ಎಲ್ಲರನ್ನೂ ಮೊದಲ ಪುಟಕ್ಕೆ ತಳ್ಳುವ ಅಭ್ಯಾಸ ಬಹಳ ಕಡೆ ಇದೆ. ಬಾರಾ ಕಮಾನ್ ಹುಡುಕಿ ಬಂದವನಿಗೆ ಅದು ಬಾಗಿಲಲ್ಲೇ ನಿಲ್ಲಿಸಿದ ಹಾಗೆ. ಕನಿಷ್ಠ ಒಂದು ವರ್ಷ ರೀಡೈರೆಕ್ಟ್ ಇಡಿ ಎಂದು ಗೂಗಲ್ ಹೇಳುತ್ತದೆ. ಇಲ್ಲಿ ಅದು ಸಾಲದು. ಮಾಸ್ತರ್ ಅಚ್ಚು ಹಾಕಿಸಿದ ಕಿರುಹೊತ್ತಿಗೆಯ ಪ್ರತಿ ಪುಟದಲ್ಲೂ ಕ್ಯೂಆರ್ ಕೋಡ್ ಇದೆ, ಎಲ್ಲವೂ ಹಳೇ ವಿಳಾಸಕ್ಕೆ. ಪುಸ್ತಕಗಳು ಶಾಲೆಗಳ ಕಪಾಟಿನಲ್ಲಿವೆ. ಅವು ಇರುವ ತನಕ ಹಳೇ ಡೊಮೇನಿಗೆ ವರ್ಷ ವರ್ಷ ದುಡ್ಡು ಕಟ್ಟಲೇಬೇಕು. ಅವಧಿ ತಪ್ಪಿದರೆ ಬೇರೆ ಯಾರೋ ಆ ಹೆಸರು ಕೊಂಡು ಏನೇನೋ ಹಾಕಬಹುದು, ಮಕ್ಕಳು ಸ್ಕ್ಯಾನ್ ಮಾಡುವ ಕೋಡ್ ಅದು. ಖರ್ಚು ಸಣ್ಣದು, ಮರೆವು ದೊಡ್ಡದು. ಎರಡೂ ಡೊಮೇನಿನ ನವೀಕರಣವನ್ನು ಒಂದೇ ತಿಂಗಳಿಗೆ ತಂದಿಟ್ಟೆವು.

ಸೈಟು ವರ್ಡ್‌ಪ್ರೆಸ್ ಎಂಬ ಸೈಟು ಕಟ್ಟುವ ತಂತ್ರಾಂಶದಲ್ಲಿ ಮಾಡಿದ್ದಾಗಿದ್ದರೆ ಕಥೆ ಬೇರೆ ಇರುತ್ತಿತ್ತು. ಅದು ಬರಹದೊಳಗಿನ ಲಿಂಕು, ಚಿತ್ರಗಳನ್ನು ಪೂರ್ತಿ ವಿಳಾಸದಲ್ಲೇ ಡೇಟಾಬೇಸ್‌ಗೆ ಬರೆಯುತ್ತದೆ. ಕೆಲವು ಸೆಟ್ಟಿಂಗ್‌ಗಳಲ್ಲಿ ಅಕ್ಷರಗಳ ಎಣಿಕೆಯನ್ನೂ ಜೊತೆಗೆ ಬರೆದಿಡುತ್ತದೆ. ಡೊಮೇನಿನ ಉದ್ದ ಬದಲಾದರೆ ಎಣಿಕೆ ತಪ್ಪಿ ಆ ಸೆಟ್ಟಿಂಗೇ ಕೆಡುತ್ತದೆ. ನೇರ ಎಸ್‌ಕ್ಯೂಎಲ್‌ನಿಂದ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಬದಲಿಸಬೇಡಿ, ವರ್ಡ್‌ಪ್ರೆಸ್‌ನದೇ ಸಾಧನವಾದ ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರೀಪ್ಲೇಸ್ ಎಣಿಕೆಯನ್ನೂ ಸರಿಪಡಿಸುತ್ತದೆ. ಮೊದಲು ಡ್ರೈ-ರನ್ (ಏನನ್ನೂ ಬದಲಿಸದ ಪ್ರಯೋಗ) ಮಾಡಿ ಎಷ್ಟು ಕಡೆ ಬದಲಾಗುತ್ತದೆ ನೋಡಿಕೊಳ್ಳಿ.

ಪರೀಕ್ಷೆ, ಮತ್ತು ಈಗ ಬಾಕಿ ಇರುವುದು

ಪರೀಕ್ಷೆಗೆ ಮೂರೇ ಕೆಲಸ. ತಯಾರಾದ ಪುಟಗಳಲ್ಲಿ ಹಳೇ ಡೊಮೇನ್ ಹೆಸರು ಹುಡುಕುವುದು. ಈಗ ಅದು ಮಾಸ್ತರ್‌ರ ಇಮೇಲ್ ವಿಳಾಸದಲ್ಲಿ ಮಾತ್ರ ಇದೆ, ಬೇಕೆಂದೇ ಬಿಟ್ಟಿದ್ದು. ಟೆಸ್ಟ್ ಸೈಟು ನೋಡುವಾಗ ಆ ಕಂಪ್ಯೂಟರಿನಲ್ಲಿ ಹಳೇ ಮತ್ತು ಹೊಸ ಎರಡೂ ಡೊಮೇನನ್ನು ತಡೆದಿಡುವುದು. ಯಾವುದಾದರೂ ಲಿಂಕು ಮೆಲ್ಲಗೆ ಆ ಕಡೆ ಹೋಗುತ್ತಿದ್ದರೆ ಪುಟ ತೆರೆಯುವುದೇ ಇಲ್ಲ, ಸಿಕ್ಕಿಬೀಳುತ್ತದೆ. ಪೆನ್‌ಡ್ರೈವ್ ಪ್ರತಿಯನ್ನು ಡೆಸ್ಕ್‌ಟಾಪ್‌ನಲ್ಲಿ ಫೋಲ್ಡರಿನೊಳಗೆ ಫೋಲ್ಡರ್ ಮಾಡಿ, ಹೆಸರಿನಲ್ಲಿ ಖಾಲಿ ಜಾಗವನ್ನೂ ಬಿಟ್ಟು, ನೆಟ್ ತೆಗೆದು ತೆರೆಯುವುದು.

ಸಿಂದಗಿಯ ಶಿಕ್ಷಕರ ಕಂಪ್ಯೂಟರಿನಲ್ಲಿ ಈಗ ಎಲ್ಲಾ ಬರುತ್ತಿದೆ, ಸೈಟಿನೊಳಗಿನ ಹುಡುಕಾಟದ ಪೆಟ್ಟಿಗೆಯೊಂದನ್ನು ಬಿಟ್ಟು. ಅದು ಜಾವಾಸ್ಕ್ರಿಪ್ಟ್‌ನಿಂದ ಒಂದು ಪಟ್ಟಿ ಫೈಲನ್ನು ತರಿಸಿಕೊಳ್ಳುತ್ತದೆ. ಸರ್ವರ್ ಇಲ್ಲದೆ ತೆರೆದ ಪುಟಕ್ಕೆ ಬ್ರೌಸರ್ ಹಾಗೆ ಇನ್ನೊಂದು ಫೈಲು ಓದಲು ಬಿಡುವುದಿಲ್ಲ. ಪೆನ್‌ಡ್ರೈವ್ ಪ್ರತಿಯಲ್ಲಿ ಆ ಪೆಟ್ಟಿಗೆಯನ್ನು ತೆಗೆದು, ಅಕಾರಾದಿ ಪಟ್ಟಿಯ ಒಂದು ಪುಟ ಇಟ್ಟೆವು.

ಇಂಗ್ಲಿಷ್ ಪುಟಗಳೂ ಬೇಕು ಎಂದು ಗುಮ್ಮಟದ ಗೈಡ್‌ಗಳು ಕೇಳುತ್ತಿದ್ದಾರೆ. ಎರಡು ಭಾಷೆ ಬಂದರೆ ಈ ಪುಟದ ಇಂಗ್ಲಿಷ್ ರೂಪ ಇಲ್ಲಿದೆ ಎಂದು ಸರ್ಚ್ ಎಂಜಿನ್‌ಗೆ ಹೇಳುವ ಸಾಲುಗಳು ಸೇರುತ್ತವೆ, ಅವಕ್ಕೆ ಪೂರ್ತಿ ವಿಳಾಸವೇ ಬೇಕು. ಅದೂ ಸ್ಕ್ರಿಪ್ಟ್‌ನ ಆ ಸೆಟ್ಟಿಂಗ್‌ನಿಂದಲೇ ಹೋಗುತ್ತದೆ. ಇಂಗ್ಲಿಷ್ ಪುಟಗಳು /ಇಂಗ್ಲಿಷ್/ ಎಂಬ ಫೋಲ್ಡರ್ ಒಳಗಿರಲಿ, ಫೋಟೋಗಳು ಎರಡಕ್ಕೂ ಒಂದೇ ಇರಲಿ ಎಂದು ಹೇಳಿದ್ದೇನೆ. ಫೋಟೋ ಲಿಂಕು ಸ್ಲ್ಯಾಶ್‌ನಿಂದ ಶುರುವಾಗುವುದರಿಂದ ಕನ್ನಡದ ಪುಟದಿಂದ ಕಾಪಿ ಮಾಡಿದರೂ ಒಂದನ್ನೂ ತಿದ್ದಬೇಕಾಗಿಲ್ಲ. ಅನುವಾದ ಯಾರು ಮಾಡುತ್ತಾರೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.